ಫೈನಲ್‌ಗೆ ಯಾರು ನಿಲ್ಲಬೇಕು

೧೯೭೩ರಲ್ಲಿ, ಎಂಟನೇ ಕ್ಲಾಸಿನ ದಸರಾ ರಜೆ ಮುಗಿದ ಮೇಲೆ, ನಾನು ಮತ್ತೆ ಶಾಲೆಗೆ ಹೋಗಲಿಲ್ಲ. ಮೈಸೂರಿನ ಒಂದು ಕಾಲೇಜಿನ ಮೈದಾನವನ್ನು ಅಪ್ಪ ನೋಡಿಕೊಳ್ಳುತ್ತಿದ್ದರು. ಅವರ ಸೊಂಟ ಹಿಡಿದುಕೊಂಡಿತು, ರೋಲರ್ ಎಳೆಯಲು ಆಗಲಿಲ್ಲ. ಎಳೆಯುವವರು ಬೇಕಿತ್ತು, ನಾನಿದ್ದೆ. ಅದರಲ್ಲಿ ಅಳುವಂಥದ್ದೇನೂ ಇರಲಿಲ್ಲ. ಬೆಳಿಗ್ಗೆ ರೋಲರ್, ಮಧ್ಯಾಹ್ನ ಹುಲ್ಲು, ಸಂಜೆ ಸುಣ್ಣದ ಗೆರೆ. ಗೆರೆ ಎಳೆದವನು ಅಲ್ಲೇ ನಿಂತಿರುತ್ತಾನಲ್ಲ, ಅಂಪೈರ್ ಬರದ ದಿನ ಹುಡುಗರು ನನ್ನನ್ನೇ ನಿಲ್ಲಿಸಿಕೊಂಡರು. ಹಾಗೆ ಶುರುವಾಯಿತು.

ಮುಂದೆ ಅಂಪೈರ್ ಪರೀಕ್ಷೆಗೆ ಕೂತೆ. ನಿಯಮದ ಪುಸ್ತಕ ಇಂಗ್ಲಿಷಿನಲ್ಲಿತ್ತು. ಕಾಲೇಜಿನ ಲೆಕ್ಚರರ್ ಒಬ್ಬರು ಸಂಜೆ ಪೆವಿಲಿಯನ್ ಮೆಟ್ಟಿಲ ಮೇಲೆ ಕೂತು ಅದನ್ನು ಕನ್ನಡದಲ್ಲಿ ಬಿಡಿಸಿ ಹೇಳುವರು, ನಾನು ಮಾರನೆಯ ದಿನ ಒಪ್ಪಿಸುವೆ. ಮೊದಲ ಸಲ ಫೇಲ್, ಎರಡನೇ ಸಲ ಪಾಸ್. ಆ ಕಾಗದವೇ ನನ್ನ ಡಿಗ್ರಿ. ನನ್ನ ಹೆಂಡತಿ ಲಲಿತ ನರ್ಸು. ಅವಳಿಗೆ ಡಲ್ಲಾಸ್ ಕಡೆಯ ಒಂದು ಆಸ್ಪತ್ರೆಯಲ್ಲಿ ಕೆಲಸವಾಯಿತು, ಅವಳ ಹಿಂದೆ ನಾನು ಬಂದೆ. ಇಲ್ಲಿ ಬಂದವರೆಲ್ಲ ಕಂಪ್ಯೂಟರ್ ಕೆಲಸಕ್ಕೆ ಬಂದವರಲ್ಲ, ಇದನ್ನೂ ಒಬ್ಬರು ಬರೆದಿಡಬೇಕು. ವಾರದ ದಿನ ವಿಮಾನ ನಿಲ್ದಾಣದ ಪಕ್ಕದ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದೆ. ಶನಿವಾರ ಭಾನುವಾರ ಕ್ರಿಕೆಟ್ ಲೀಗಿನಲ್ಲಿ ಅಂಪೈರ್ ಆಗಿ ನಿಂತೆ. ಮಂಡಿ ಕೈಕೊಟ್ಟ ಮೇಲೆ ಲೀಗಿನವರು ಬೇರೆ ಕೆಲಸ ಕೊಟ್ಟರು: ಡಲ್ಲಾಸ್, ಹೂಸ್ಟನ್, ಆಸ್ಟಿನ್ ಮೂರೂ ಕಡೆಯ ಅಂಪೈರ್‌ಗಳನ್ನು ನೋಡುವುದು, ಅಂಕ ಕೊಡುವುದು, ಸೆಮಿಫೈನಲ್ ಫೈನಲ್‌ಗೆ ಯಾರು ನಿಲ್ಲಬೇಕು ಅಂತ ಹೇಳುವುದು. ನಾನು ಬರೆಯಹೊರಟಿರುವುದು ಆ ಕೆಲಸದ ವಿಷಯ.

ಈಗ ಆ ಜಾಗಕ್ಕೆ ಹೊಸಬರು ಬಂದಿದ್ದಾರೆ. ಒಳ್ಳೆಯ ಹುಡುಗರು. "ಅಂಕಲ್, ನಿಮ್ಮ ಅನುಭವ ಬರೆದುಕೊಡಿ, ನಮಗೆ ಗೈಡ್ ಥರಾ ಆಗುತ್ತೆ" ಅಂದರು. ಗೈಡ್ ಬರೆಯಲು ನನಗೆ ಬರುವುದಿಲ್ಲ. ಏನಾಯಿತೋ ಅದನ್ನು ಬರೆಯುತ್ತೇನೆ.

ಆ ಕಾಲದಲ್ಲಿ ನನ್ನಂಥ ಒಬ್ಬಿಬ್ಬರನ್ನು ಬಿಟ್ಟರೆ ಅಂಪೈರ್ ಅಂತ ಪ್ರತ್ಯೇಕ ಜನ ಇರಲೇ ಇಲ್ಲ. ಆ ವಾರ ಆಟವಿಲ್ಲದ ತಂಡ ಇಬ್ಬರನ್ನು ಕಳಿಸಬೇಕು, ಅದು ಪದ್ಧತಿ. ಯಾರನ್ನು ಕಳಿಸುತ್ತಾರೆ? ಹನ್ನೊಂದರಲ್ಲಿ ಆಡಲು ಬಾರದವನನ್ನು. ಅವನು ಚಪ್ಪಲಿ ಹಾಕಿಕೊಂಡು, ಕೈಯಲ್ಲಿ ಫೋನ್ ಹಿಡಿದುಕೊಂಡು, ಎರಡು ಓವರ್ ತಡವಾಗಿ ಬರುತ್ತಿದ್ದ. ಒಬ್ಬ ಮಹಾನುಭಾವ ಸ್ಕ್ವೇರ್ ಲೆಗ್‌ನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ರನೌಟ್ ಅಪೀಲ್ ಬಂತು. "ನಾನು ನೋಡ್ಲಿಲ್ಲ, ನೀವೇ ಮಾತಾಡ್ಕೊಳ್ಳಿ" ಅಂದ. ಎರಡೂ ತಂಡದವರು ಪಿಚ್ಚಿನ ಮಧ್ಯೆ ನಿಂತು ಸುಮಾರು ಹೊತ್ತು ಮಾತಾಡಿಕೊಂಡರು. ಪೊಲೀಸರು ಬಂದ ಮೇಲೆ ಮಾತು ನಿಂತಿತು.

ಆಮೇಲೆ ಲೀಗು ಪ್ರತ್ಯೇಕ ಅಂಪೈರ್‌ಗಳನ್ನು ಇಟ್ಟುಕೊಂಡಿತು, ಅವರನ್ನು ನೋಡಿಕೊಳ್ಳಲು ನನ್ನನ್ನು. ನನ್ನ ಮೇಲಿದ್ದವರು ಲೀಗಿನ ಕಾರ್ಯದರ್ಶಿ ಮಿರ್ಜಾ ಸಾಹೇಬರು. ಹೈದರಾಬಾದಿನವರು, ದೊಡ್ಡ ಮನಸ್ಸು, ದೊಡ್ಡ ಹೊಟ್ಟೆ. ಕೆಲಸ ಒಪ್ಪಿಸಿದ ದಿನ ನನಗೆ ಒಂದೇ ಬುದ್ಧಿ ಹೇಳಿದರು: "ನಾಗ್ ಭಾಯ್, ಕಿಸೀಕೇ ಟೆಂಟ್ ಮೇ ಖಾನಾ ಮತ್ ಖಾವೋ." ಯಾರ ಟೆಂಟಿನಲ್ಲೂ ಉಣ್ಣಬೇಡ. ಹೀಗೆ ಹೇಳಿದವರು ತಾವು ಮಾತ್ರ ಪ್ರತಿ ಭಾನುವಾರ ಪ್ರತಿ ಟೆಂಟಿಗೂ ಹೋಗಿ ಬಿರಿಯಾನಿ ರುಚಿ ನೋಡುತ್ತಿದ್ದರು. ನಾನು ಆ ಮಾತನ್ನು ಇಪ್ಪತ್ತು ವರ್ಷ ಪಾಲಿಸಿದೆ.

ಪಾಲಿಸುವುದು ಅಂದರೆ ಹೀಗೆ. ಮೈದಾನದ ಒಂದು ಬದಿಗೆ ಎರಡು ತಂಡದ ಎರಡು ಟೆಂಟು. ಹೆಂಗಸರು ಮಕ್ಕಳು ಸ್ಪೀಕರು ಐಸ್ ಪೆಟ್ಟಿಗೆ ಎಲ್ಲ ಅಲ್ಲಿ. ನಾನು ಎದುರು ದಿಕ್ಕಿಗೆ, ಬೌಲರ್‌ನ ಬೆನ್ನ ಹಿಂದೆ, ಸೈಟ್‌ಸ್ಕ್ರೀನ್ ಅನ್ನುವ ದೊಡ್ಡ ಪರದೆಯ ಪಕ್ಕದಲ್ಲಿ ಮಡಿಸುವ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅಲ್ಲಿಂದ ಮಾತ್ರ ಅಂಪೈರ್‌ಗೆ ಕಂಡದ್ದು ನಮಗೂ ಕಾಣುತ್ತದೆ. ನೆರಳು ಇರುವುದಿಲ್ಲ. ಟೆಕ್ಸಾಸ್‌ನ ಆಗಸ್ಟ್ ಬಿಸಿಲನ್ನು ನಾನು ಬಣ್ಣಿಸಬೇಕಿಲ್ಲ. ಹುಲ್ಲಿನಲ್ಲಿ ಕಚ್ಚುವ ಕೆಂಪಿರುವೆ, ಆದ್ದರಿಂದ ಕಾಲುಚೀಲದೊಳಗೆ ಪ್ಯಾಂಟು ಸಿಕ್ಕಿಸಿಕೊಂಡು ಕೂತಿರುತ್ತಿದ್ದೆ. ದೂರದಿಂದ ನೋಡಿದವರಿಗೆ ಯಾರೋ ಮರೆತುಹೋದ ಸಾಮಾನಿನ ಹಾಗೆ ಕಂಡಿದ್ದರೆ ಆಶ್ಚರ್ಯವಿಲ್ಲ.

ಅಂಕ ಕೊಡುವುದರ ಬಗ್ಗೆ ಒಂದು ಮಾತು. ಪಂದ್ಯ ಮುಗಿದ ಮೇಲೆ ಇಬ್ಬರು ಕ್ಯಾಪ್ಟನ್‌ಗಳೂ ಅಂಪೈರ್‌ಗಳಿಗೆ ಹತ್ತಕ್ಕೆ ಇಷ್ಟು ಅಂತ ಕೊಡಬೇಕು. ಗೆದ್ದವನು ಒಂಬತ್ತು ಕೊಡುತ್ತಾನೆ, ಸೋತವನು ಎರಡು. ಮೊದಮೊದಲು ನಾನು ಎರಡನ್ನೂ ಕೂಡಿಸಿ ಭಾಗಿಸುತ್ತಿದ್ದೆ. ಎಲ್ಲ ಅಂಪೈರ್‌ಗಳೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತಿದ್ದರು. ಆಮೇಲೆ ಹೊಳೆಯಿತು: ಗೆದ್ದವನು ಕೊಟ್ಟ ಒಂಬತ್ತನ್ನು ನೋಡಲೇಬಾರದು. ಸೋತವನು ಎಂಟು ಕೊಟ್ಟಿದ್ದಾನೆಯೇ, ಆ ಅಂಪೈರ್‌ನನ್ನು ಹಿಡಿದುಕೋ. ಗೆದ್ದವನೇ ನಾಲ್ಕು ಕೊಟ್ಟಿದ್ದಾನೆಯೇ, ಅವನನ್ನು ಕೂರಿಸಿ ಮಾತಾಡು. ಈಗ ಅಂಕಗಳೆಲ್ಲ ಫೋನಿನಲ್ಲೇ ಬರುತ್ತವೆ, ಕೂಡಿ ಕಳೆಯುವ ಕೆಲಸವನ್ನೂ ಅದೇ ಮಾಡುತ್ತದೆ. ಸೋತವನ ಎಂಟು ಯಾವುದು ಅಂತ ಅದಕ್ಕೆ ಯಾರಾದರೂ ಹೇಳಿಕೊಟ್ಟಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ.

ಸೋತವರು ಪದೇ ಪದೇ ಎಂಟು ಕೊಟ್ಟದ್ದು ಒಬ್ಬನೇ ಅಂಪೈರ್‌ಗೆ. ಅವನ ಹೆಸರು ಬಸವರಾಜ. ಗದಗಿನವನು, ಆಸ್ಟಿನ್‌ನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಅವನನ್ನು ನಾನು ಮೊದಲು ನೋಡಿದ್ದು ವಿಮಾನ ನಿಲ್ದಾಣದ ಪಕ್ಕದ ಯೂಲೆಸ್‌ನ ಪಾರ್ಕಿನಲ್ಲಿ. ಅಲ್ಲಿ ತಲೆಯ ಮೇಲೇ ವಿಮಾನ ಇಳಿಯುತ್ತದೆ. ಬ್ಯಾಟಿಗೆ ಚೆಂಡು ತಾಗಿದ ಸದ್ದು ಅಂಪೈರ್‌ಗಿರಲಿ, ಬ್ಯಾಟ್ ಹಿಡಿದವನಿಗೇ ಕೇಳಿಸುವುದಿಲ್ಲ. ಹೊಸ ಅಂಪೈರ್‌ಗಳನ್ನು ನಾನು ಬೇಕೆಂದೇ ಆ ಮೈದಾನಕ್ಕೆ ಹಾಕುತ್ತಿದ್ದೆ. ಅವತ್ತು ಕೀಪರ್ ಚೆಂಡು ಹಿಡಿದ, ಹನ್ನೊಂದು ಜನರೂ ಕೂಗಿದರು, ಮೇಲೆ ವಿಮಾನ. ಬಸವರಾಜ ಕೈ ಹಿಂದೆ ಕಟ್ಟಿಕೊಂಡು ಹಾಗೇ ನಿಂತ. ವಿಮಾನ ಪೂರ್ತಿ ಇಳಿಯಿತು. ಆಮೇಲೆ ತಲೆ ಅಲ್ಲಾಡಿಸಿದ. ನಾಟ್ ಔಟ್.

ಪಂದ್ಯ ಮುಗಿದ ಮೇಲೆ ಕೇಳಿದೆ: "ಅಷ್ಟು ಹೊತ್ತು ಯಾಕ್ರೀ ನಿಂತ್ರಿ? ಗೊತ್ತಾಗಲಿಲ್ವಾ?"

"ಗೊತ್ತಾಗಿತ್ರಿ ಅಣ್ಣಾರ. ಬ್ಯಾಟಿಗೂ ಬಾಲಿಗೂ ನಡುವ ಒಂದು ಎತ್ತಿನ ಗಾಡಿ ಹೋಗೋವಷ್ಟು ಜಾಗಾ ಇತ್ತು."

"ಮತ್ತೆ?"

"ಆಗ ಹೇಳಿದ್ರ ಯಾರಿಗೆ ಕೇಳ್ತದರಿ? ವಿಮಾನ ಹೋಗ್ಲಿ, ಮಂದೀನೂ ಸ್ವಲ್ಪ ತಣ್ಣಗಾಗ್ಲಿ ಅಂತ ನಿಂತೆ."

ಕಣ್ಣು ಚೆನ್ನಾಗಿರುವವರು ಬಹಳ ಜನ ಸಿಗುತ್ತಾರೆ. ವಿಮಾನ ಹೋಗಲಿ ಅಂತ ನಿಲ್ಲುವವರು ಸಿಗುವುದಿಲ್ಲ. ಅವತ್ತೇ ನನಗೆ ಗೊತ್ತಾಯಿತು, ನಮ್ಮ ಲೀಗಿನ ಅತ್ಯುತ್ತಮ ಅಂಪೈರ್ ಇವನೇ.

ಇನ್ನು ನನ್ನ ದೊಡ್ಡ ಎಡವಟ್ಟಿನ ವಿಷಯ. ನಮ್ಮ ಲೀಗಿನ ತಂಡಗಳು ಭಾಷೆಯ ಮೇಲೆ ಆದಂಥವು. ಹಾಗೆಂದು ಯಾರೂ ನಿಯಮ ಮಾಡಿರಲಿಲ್ಲ. ಯಾರು ಯಾರಿಗೆ ಫೋನ್ ಮಾಡಿ "ಭಾನುವಾರ ಬಾರೋ" ಅನ್ನುತ್ತಾರೋ ಹಾಗೆ ಕೂಡಿಕೊಂಡವು. ಹೂಸ್ಟನ್ ಕಡೆಯ ಸ್ಟಾಫರ್ಡ್‌ನದು ತೆಲುಗರ ತಂಡ, ಡಲ್ಲಾಸ್ ಕಡೆಯ ಪ್ಲೇನೋದ್ದು ನಮ್ಮ ಕನ್ನಡದವರದು, ಪಂಜಾಬಿಗಳದು ಒಂದು, ಹೀಗೆ. ಒಂದು ವರ್ಷ ಸ್ಟಾಫರ್ಡ್‌ನವರಿಗೂ ಪಂಜಾಬಿಗಳಿಗೂ ಸೆಮಿಫೈನಲ್ ಬಿತ್ತು. ನಾನು ರಾಯರನ್ನು ಹಾಕಿದೆ. ರಾಯರು ಬಳ್ಳಾರಿಯವರು, ನನ್ನ ಜೊತೆ ಸೊಗಸಾದ ಕನ್ನಡ ಮಾತಾಡುವವರು, ಕನ್ನಡದವರೆಂದುಕೊಂಡೆ. ಏಳನೇ ಓವರಿನಲ್ಲಿ ಸ್ಟಾಫರ್ಡ್ ತಂಡದ ಕೀಪರ್ ತೆಲುಗಿನಲ್ಲಿ ಏನೋ ತಮಾಷೆ ಮಾಡಿದ. ರಾಯರು ತೆಲುಗಿನಲ್ಲೇ ಒಂದು ಉತ್ತರ ಕೊಟ್ಟು ನಕ್ಕುಬಿಟ್ಟರು. ಪಂಜಾಬಿಗಳು ಬ್ಯಾಟು ಕೆಳಗಿಟ್ಟು ಹುಲ್ಲಿನ ಮೇಲೆ ಕೂತರು. ಮಿರ್ಜಾ ಸಾಹೇಬರು ಬಿರಿಯಾನಿ ತಟ್ಟೆ ಬಿಟ್ಟು ಓಡಿ ಬರಬೇಕಾಯಿತು. ಕೊನೆಗೆ ರಾಯರು ಹೊರಗೆ ಬಂದರು, ಮಂಡಿನೋವಿನ ನಾನು ಒಳಗೆ ಹೋಗಿ ನಿಂತೆ.

"ನಾಗಣ್ಣ, ನೀವು ಕೇಳಲೇ ಇಲ್ಲವಲ್ಲ," ಅಂದರು ರಾಯರು. "ಮನೇಲಿ ಅಮ್ಮನ ಹತ್ರ ತೆಲುಗು, ಸ್ಕೂಲಲ್ಲಿ ಕನ್ನಡ, ಹೆಂಡ್ತಿ ಜೊತೆ ಇಂಗ್ಲಿಷು. ನಾನು ಯಾರ ಕಡೆ ಅಂತ ಬರ್ಕೊಳ್ತೀರೋ ಬರ್ಕೊಳ್ಳಿ!"

ಅಲ್ಲಿಂದ ನಾನು ಒಂದು ನಿಯಮ ಮಾಡಿ ಲೀಗಿನಲ್ಲಿ ಪಾಸು ಮಾಡಿಸಿದೆ. ಸೆಮಿಫೈನಲ್ ಫೈನಲ್‌ಗಳಲ್ಲಿ, ಆಡುವ ಎರಡು ತಂಡಗಳ ಭಾಷೆಯಲ್ಲಿ ಯಾವುದೂ ಅಂಪೈರ್‌ನ ಭಾಷೆಯಾಗಿರಬಾರದು. ಆದರೆ ಯಾರದು ಯಾವ ಭಾಷೆ? ಹೆಸರು ನೋಡಿದರೆ ತಿಳಿಯುವುದಿಲ್ಲ, ಊರು ಕೇಳಿದರೆ ತಿಳಿಯುವುದಿಲ್ಲ ಅಂತ ರಾಯರು ಕಲಿಸಿಬಿಟ್ಟಿದ್ದರು. ನಾನು ಒಂದು ದಾರಿ ಕಂಡುಕೊಂಡೆ. ಅಂಪೈರ್ ಕೈಯಲ್ಲಿ ಕೌಂಟರ್ ಇದ್ದರೂ ಬಾಯೊಳಗೆ ಒಂದು ಸಲ ಚೆಂಡು ಎಣಿಸುತ್ತಾನೆ. ಹತ್ತಿರ ನಿಂತು ಕಿವಿಗೊಟ್ಟರೆ ಸಾಕು. ಇಂಗ್ಲಿಷಿನಲ್ಲಿ ಪಟಪಟ ಮಾತಾಡುವವನೂ ಎಣಿಸುವಾಗ ತನ್ನ ಮನೆಗೆ ಹೋಗಿಬಿಡುತ್ತಾನೆ. ರಾಯರು ತೆಲುಗಿನಲ್ಲಿ ಎಣಿಸುತ್ತಿದ್ದರು. ಬಸವರಾಜ "ಒಂದ, ಎರಡ, ಮೂರ". ಒಂದಿಬ್ಬರು ಹುಡುಗರು ಮಾತ್ರ ಎಣಿಸುವುದನ್ನೂ ಇಂಗ್ಲಿಷಿನಲ್ಲೇ ಎಣಿಸುತ್ತಿದ್ದರು. ಅವರನ್ನು ಎಲ್ಲಿ ಬೇಕಾದರೂ ಹಾಕಬಹುದಿತ್ತು.

ನಿಯಮ ಬಂದ ಮೇಲೆ ಜಗಳ ನಿಂತಿತು. ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಸೋತ ತಂಡಗಳೂ ಕೈಕುಲುಕಿ ಮನೆಗೆ ಹೋದವು. ನಾಗಣ್ಣ ಹಾಕಿದ ಅಂಪೈರ್ ಅಂದರೆ ಮಾತಿಲ್ಲ ಅನ್ನುವ ಹಾಗಾಯಿತು. ಆ ಹೆಸರು ಉಳಿಸಿಕೊಳ್ಳುವುದಕ್ಕೆ ನನ್ನನ್ನೂ ನಾನು ದೂರ ಇಟ್ಟುಕೊಂಡೆ. ಪ್ಲೇನೋದ ಕನ್ನಡದವರ ಮನೆಗಳಲ್ಲಿ ಗೃಹಪ್ರವೇಶ, ನಾಮಕರಣ, ಗೌರಿ ಹಬ್ಬ ಒಂದಲ್ಲ ಒಂದು ಇರುತ್ತದೆ. ಲಲಿತಳಿಗೆ ಎಲ್ಲರ ಮನೆಯಿಂದಲೂ ಕರೆ. ಯಾರ ಮನೆಗೆ ಹೋದರೂ ಆ ಮನೆಯ ಗಂಡೋ ಮಗನೋ ಪ್ಲೇನೋ ತಂಡದಲ್ಲಿ ಆಡುವವನು. ನಾನು ಅವಳನ್ನು ಬಾಗಿಲವರೆಗೆ ಬಿಟ್ಟು ಬಂದು ಕಾರಿನಲ್ಲಿ ಕೂರುತ್ತಿದ್ದೆ.

"ಪಾಯಸ ತಿಂದ್ರೆ ಎಲ್‌ಬಿ ಕೊಡಕ್ಕಾಗಲ್ವಾ ನಿಮ್ಮ ಅಂಪೈರ್‌ಗಳಿಗೆ?" ಅಂದಳು ಲಲಿತ ಒಂದು ದಿನ.

"ಪಾಯಸ ತಿಂದವನು ಅಂತಾರೆ ಕಣೇ."

"ಅಂದ್ಕೊಳ್ಲಿ. ಕಾರಲ್ಲಿ ಕೂತವನು ಅಂತ ಈಗ ಅಂತಿಲ್ವಾ?"

ಅಷ್ಟು ಹೇಳಿ ಕಾರಿಳಿದು ಒಳಗೆ ಹೋದಳು. ಆ ಮನೆಯಾಕೆ ಬೆಳ್ಳಿಹಾಳೆ ಮುಚ್ಚಿದ ತಟ್ಟೆ ತಂದು ಕಾರಿನ ಕಿಟಕಿಗೆ ಹಿಡಿದರು. "ಲಲಿತ ಊಟ ಮಾಡ್ಕೊಂಡು ಬರ್ತಾಳಮ್ಮ, ನನಗೆ ಮನೆಯಲ್ಲಿದೆ" ಅಂದೆ. ಆಕೆ ತಟ್ಟೆ ಹಿಡಿದುಕೊಂಡೇ ವಾಪಸು ಹೋದರು. ಕಿಟಕಿಯಿಂದ ಒಳಗಿನ ನಗು ಕೇಳಿಸುತ್ತಿತ್ತು. ಕನ್ನಡದ ನಗು ಬೇರೆಯೇ ಥರ ಇರುತ್ತದೆ, ಮಾತು ಕೇಳಿಸದಿದ್ದರೂ ಗೊತ್ತಾಗುತ್ತದೆ.

ಬಸವರಾಜನೊಬ್ಬನ ಜೊತೆ ಮಾತಿತ್ತು, ಅದೂ ಫೋನಿನಲ್ಲಿ. ಪಂದ್ಯ ಮುಗಿಸಿ ಅವನು ಡಲ್ಲಾಸ್‌ನಿಂದ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋಗಬೇಕು, ಮೂರು ಗಂಟೆ ದಾರಿ, ನಡುವೆ ವೇಕೊ ಅನ್ನುವ ಊರು. ನಿದ್ದೆ ಬರಬಾರದೆಂದು ನನಗೆ ಫೋನ್ ಹಚ್ಚುತ್ತಿದ್ದ. ಅವತ್ತಿನ ಪಂದ್ಯದ ಒಂದೊಂದು ತೀರ್ಪನ್ನೂ ತೆಗೆದು ನೋಡುತ್ತಿದ್ದೆವು. ಆ ಚೆಂಡು ಎಲ್ಲಿ ಬಿತ್ತು, ಆ ಕಾಲು ಎಲ್ಲಿತ್ತು. ತಪ್ಪಾಗಿದ್ದರೆ ನಾನು ಹೇಳುವ ಮೊದಲೇ ಅವನು ಹೇಳುತ್ತಿದ್ದ. "ವೇಕೊ ದಾಟಿದ್ರಾ?" ಅಂತ ನಾನು ಕೇಳುವುದು, "ದಾಟಿದೆರಿ, ಇನ್ನ ನೀವು ಊಟಾ ಮಾಡ್ರಿ" ಅಂತ ಅವನು ಅನ್ನುವುದು. ಅಷ್ಟು ವರ್ಷದಲ್ಲಿ ಒಂದು ದಿನವೂ ಇಬ್ಬರೂ ಒಂದು ಕಡೆ ಕೂತು ಕಾಫಿ ಕುಡಿದಿರಲಿಲ್ಲ. ಅಂಕ ಕೊಡುವವನು, ಅಂಕ ತೆಗೆದುಕೊಳ್ಳುವವನು, ನೋಡಿದವರು ಏನಂದುಕೊಂಡಾರು?

ಆದರೆ ಬಸವರಾಜ ಒಂದು ಫೈನಲ್‌ಗೂ ನಿಂತಿರಲಿಲ್ಲ. ಕಾರಣ ಬೇರೇನಲ್ಲ, ಪ್ಲೇನೋ ತಂಡ. ನಮ್ಮ ಹುಡುಗರು ಚೆನ್ನಾಗಿ ಆಡುತ್ತಿದ್ದರು, ವರ್ಷಾ ವರ್ಷ ಫೈನಲ್‌ಗೆ ಬರುತ್ತಿದ್ದರು. ಕನ್ನಡದ ತಂಡ ಇದ್ದ ಕಡೆ ಕನ್ನಡದ ಅಂಪೈರ್ ನಿಲ್ಲುವಂತಿಲ್ಲ. ಅವನಿಗಿಂತ ಎಷ್ಟೋ ಹಿಂದಿದ್ದವರು ಫೈನಲ್‌ಗೆ ನಿಂತು ಫೋಟೋ ತೆಗೆಸಿಕೊಂಡರು. ಅವನು ಎಂದೂ ಬಾಯಿಬಿಟ್ಟು ಕೇಳಿರಲಿಲ್ಲ.

ಒಂದು ವರ್ಷ, ಸೀಸನ್ ಶುರುವಿನಲ್ಲಿ, ಕೇಳಿದ. ವೇಕೊ ದಾಟಿ ಆಗಿತ್ತು, ಆದರೂ ಫೋನ್ ಇಟ್ಟಿರಲಿಲ್ಲ.

"ಅಣ್ಣಾರ, ಒಂದು ಮಾತು. ಈ ವರ್ಷ ಮುಗಿದ ಮ್ಯಾಲೆ ನಮ್ಮ ಕಂಪನಿ ನನ್ನ ಬ್ಯಾರೆ ರಾಜ್ಯಕ್ಕ ಕಳಸ್ತದ. ಅಲ್ಲಿ ಕ್ರಿಕೆಟ್ಟೂ ಇಲ್ಲ, ಏನೂ ಇಲ್ಲ. ಒಂದ ಒಂದು ಫೈನಲ್ ನಿಲ್ಲಬೇಕಂತ ಆಸೆ ಐತ್ರಿ."

"ಪ್ಲೇನೋದವರು ಸೋತರೆ ನಿಮ್ಮದೇ ಫೈನಲ್ಲು," ಅಂದೆ.

"ಹಂಗಂದ್ರ ನಮ್ಮವರು ಸೋಲ್ಲಿ ಅಂತ ಹರಕೆ ಹೊರಬೇಕೇನ್ರಿ?" ಅಂತ ನಕ್ಕ.

ಹರಕೆ ಹೊತ್ತದ್ದು ನಾನು. ಆ ವರ್ಷದ ಸೆಮಿಫೈನಲ್ ಡಲ್ಲಾಸ್‌ನಲ್ಲೇ ಇತ್ತು. ಪ್ಲೇನೋದವರ ಟೆಂಟು ತುಂಬಿತ್ತು. ಹೆಂಗಸರು ಚಪ್ಪಾಳೆ ತಟ್ಟುತ್ತಿದ್ದರು, ಅವರ ನಡುವೆ ಲಲಿತಳೂ ಇದ್ದಳು. ಎದುರು ಬದಿಗೆ ನಾನೊಬ್ಬನೇ ಕುರ್ಚಿಯಲ್ಲಿ ಕೂತು ನಮ್ಮ ಹುಡುಗರ ವಿಕೆಟ್ ಬೀಳಲಿ ಅಂತ ಕಾಯುತ್ತಿದ್ದೆ. ಬಿದ್ದವು ಕೂಡ, ಒಂದಾದ ಮೇಲೊಂದು. ಆದರೆ ಕ್ಯಾಪ್ಟನ್ ಚೇತನ್ ನಿಂತುಬಿಟ್ಟ. ಬೆಂಗಳೂರಿನ ಹುಡುಗ, ಕಂಪನಿಯಲ್ಲಿ ದೊಡ್ಡ ಕೆಲಸ, ಆದರೂ ಅಭ್ಯಾಸಕ್ಕೆ ಎಲ್ಲರಿಗಿಂತ ಮೊದಲು ಬರುವವನು. ಕೊನೆಯ ಓವರಿನಲ್ಲಿ ಅವನು ಹೊಡೆದ ಬೌಂಡರಿ ನನ್ನ ಕುರ್ಚಿಯ ಕಾಲಿಗೇ ಬಂದು ಬಡಿಯಿತು. ಟೆಂಟಿನವರೆಲ್ಲ ಮೈದಾನಕ್ಕೆ ಓಡಿದರು. ನಾನು ಚೆಂಡು ಎತ್ತಿ ಒಳಗೆ ಎಸೆದೆ. ನನ್ನ ಭಾಷೆ ಮಾತಾಡುವ ಜನ ಗೆದ್ದದ್ದಕ್ಕೆ ಆ ಮೈದಾನದಲ್ಲಿ ಸಂಕಟಪಟ್ಟ ಕನ್ನಡದವನು ನಾನೊಬ್ಬನೇ ಇರಬೇಕು.

ಫೈನಲ್ ಪ್ಲೇನೋಗೂ ಸ್ಟಾಫರ್ಡ್‌ಗೂ, ಹೂಸ್ಟನ್ ಕಡೆಯ ಮೈದಾನದಲ್ಲಿ. ಒಂದು ವಾರ ಮುಂಚೆ ಮೈದಾನ ನೋಡಿಬರಲು ಹೋದೆ. ಅಲ್ಲಿಗೆ ಚೇತನ್ ಮತ್ತು ಸ್ಟಾಫರ್ಡ್ ತಂಡದ ಕ್ಯಾಪ್ಟನ್ ಶ್ರೀಕಾಂತ್ ಇಬ್ಬರೂ ಒಟ್ಟಿಗೆ ಬಂದರು. ಫೈನಲ್ ಆಡುವ ಇಬ್ಬರು ಕ್ಯಾಪ್ಟನ್‌ಗಳು ಒಂದೇ ಕಾರಿನಲ್ಲಿ ಬಂದದ್ದನ್ನು ನಾನು ಅವತ್ತೇ ನೋಡಿದ್ದು.

"ಅಂಕಲ್, ಬಸವರಾಜ್ ಅವರನ್ನ ಹಾಕಿ," ಅಂದ ಚೇತನ್. "ನಾನು ನಮ್ಮ ಟೀಮ್‌ಗೋಸ್ಕರ ಕೇಳ್ತಿಲ್ಲ. ಇವನೇ ಮೊದಲು ಹೇಳಿದ್ದು."

ಶ್ರೀಕಾಂತ್ ಬೆಂಗಳೂರಿನಲ್ಲಿ ಓದಿದವನು, ಕನ್ನಡ ಬರುತ್ತಿತ್ತು. "ಅವರು ನಂಗೆ ಮೂರು ಸಲ ಔಟ್ ಕೊಟ್ಟಿದಾರೆ ಅಂಕಲ್," ಅಂದ. "ಮೂರೂ ಕರೆಕ್ಟು. ನಮ್ಮ ಟೀಮ್ ಎಲ್ಲಾ ಒಪ್ಪಿದೆ. ಸೈನ್ ಮಾಡಿ ಕೊಡ್ಬೇಕಾ, ಕೊಡ್ತೀವಿ."

ಆಸೆಯಾಗಲಿಲ್ಲ ಅಂದರೆ ಸುಳ್ಳು. ಆದರೆ ಗೆಲ್ಲುವ ಮುಂಚೆ ಎಲ್ಲರೂ ಒಪ್ಪುತ್ತಾರೆ. ಸೋತ ಮೇಲೆ, ಟೆಂಟಿನ ಹಿಂದೆ ನಿಂತವನು ಒಬ್ಬ "ಅಂಪೈರ್ ಅವರ ಕಡೆಯವನಲ್ವಾ" ಅಂದರೆ ಸಾಕು. ಅಲ್ಲದೆ ಈ ನಿಯಮಕ್ಕಾಗಿ ರಾಯರನ್ನು ಎಷ್ಟು ವರ್ಷ ಕೂರಿಸಿದ್ದೆ? ಸ್ಟಾಫರ್ಡ್‌ನವರು ಫೈನಲ್‌ಗೆ ಬಂದಾಗಲೆಲ್ಲ ಅವರೂ ಹೊರಗೇ ಇದ್ದರು. ನಮ್ಮವನ ಸರದಿ ಬಂದಾಗ ನಿಯಮ ಸಡಿಲವಾಯಿತು ಅಂತ ಅವರು ತಿಳಿದರೆ ಅವರ ಮುಖ ನಾನು ಹೇಗೆ ನೋಡಲಿ? ಮಿರ್ಜಾ ಸಾಹೇಬರನ್ನು ಕೇಳಿದೆ. ಅವರು "ಆಪ್ ಕಾ ರೂಲ್, ಆಪ್ ಜಾನೋ" ಅಂದುಬಿಟ್ಟರು. ನಿಮ್ಮ ನಿಯಮ, ನೀವೇ ನೋಡಿಕೊಳ್ಳಿ ಅಂತ.

ಆಗುವುದಿಲ್ಲ ಅಂತ ಹುಡುಗರಿಗೆ ಹೇಳಿದೆ. ಬಸವರಾಜನಿಗೂ ನಾನೇ ಫೋನ್ ಮಾಡಿ ಹೇಳಿದೆ. ಬೇರೆಯವರಿಂದ ಗೊತ್ತಾಗಬಾರದಿತ್ತು.

ಅವನು ತಡೆದು ಮಾತಾಡಿದ. "ನನ್ನ ಮ್ಯಾಲೆ ನಂಬಿಕಿ ಇಲ್ಲಂತ ನೀವು ಬಿಟ್ಟಿಲ್ರಿ, ನಂಗ ಗೊತ್ತೈತಿ. ಮಂದಿ ನಿಮ್ಮನ್ನ ನಂಬಲಿ ಅಂತ ನನ್ನ ಬಿಟ್ರಿ."

"ಕೆಲಸ ಅಂದರೆ ಅದೇ ಅಲ್ವೇನ್ರಿ?" ಅಂದೆ.

"ಹೌದ್ರಿ," ಅಂದ. "ಅದ." ಫೋನ್ ಇಟ್ಟ.

ಅವನು ಫೈನಲ್‌ಗೆ ಬರುತ್ತಾನೆ ಅಂತ ನಾನು ಅಂದುಕೊಂಡಿರಲಿಲ್ಲ. ಹೂಸ್ಟನ್‌ನ ಗಾಳಿಯೇ ಬೆವರಿನ ಹಾಗೆ ಮೈಗೆ ಅಂಟುತ್ತದೆ. ನಾನು ಎಂದಿನಂತೆ ಸೈಟ್‌ಸ್ಕ್ರೀನ್ ಪಕ್ಕ ಕೂತಿದ್ದೆ. ಎರಡನೇ ಇನ್ನಿಂಗ್ಸ್ ಶುರುವಾಗುವ ಮುಂಚೆ ಬಸವರಾಜ ಮೈದಾನದ ಅಂಚಿನಲ್ಲೇ ನಡೆದುಕೊಂಡು ಬಂದ. ಬಿಳಿ ಅಂಗಿ ಇಲ್ಲ, ಹ್ಯಾಟು ಇಲ್ಲ, ಮನೆಯ ಬಟ್ಟೆ. ಒಂದು ಕಂಕುಳಲ್ಲಿ ಮಡಿಸಿದ ಹಸಿರು ಕುರ್ಚಿ, ಕೈಯಲ್ಲಿ ಫ್ಲಾಸ್ಕು. ನನ್ನ ಪಕ್ಕ ಕುರ್ಚಿ ಬಿಡಿಸಿ ಕೂತ.

"ಇವತ್ತ ನಾ ಅಂಪೈರ್ ಅಲ್ರಿ. ಯಾವ ಟೀಮಿನಾಂವನೂ ಅಲ್ಲ. ಚಾ ಕುಡೀರಿ."

ಯೋಚನೆ ಮಾಡಿದೆ, ಅಡ್ಡಿ ಯಾವುದೂ ಸಿಗಲಿಲ್ಲ. ಕುಡಿದೆ. ಮೈದಾನದಲ್ಲಿ ಇನ್ನೊಬ್ಬರ ಕೈಯಿಂದ ತೆಗೆದುಕೊಂಡು ನಾನು ಕುಡಿದ ಮೊದಲ ಚಹಾ ಅದು. ಸಕ್ಕರೆ ಜಾಸ್ತಿಯಾಗಿತ್ತು.

ಪ್ಲೇನೋದವರು ಬ್ಯಾಟಿಂಗ್, ಗುರಿ ದೊಡ್ಡದೇ ಇತ್ತು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಣ್ಣು ಅವನ ಕೈ ಮೇಲೆ ಬಿತ್ತು. ಬಲಗೈ ತೊಡೆಯ ಮೇಲಿತ್ತು. ಪ್ರತಿ ಅಪೀಲ್‌ಗೂ ಅವನು ಅಲ್ಲೇ ತೀರ್ಪು ಕೊಡುತ್ತಿದ್ದ. ಔಟ್ ಆದರೆ ತೋರುಬೆರಳು ಮೇಲೇಳುತ್ತಿತ್ತು, ಇಲ್ಲದಿದ್ದರೆ ಮುಷ್ಟಿ ಹಾಗೇ ಇರುತ್ತಿತ್ತು. ಅವಸರವಿಲ್ಲ. ಮೈದಾನದಲ್ಲಿ ನಿಂತಾಗ ಎಷ್ಟು ಹೊತ್ತು ತಡೆಯುತ್ತಿದ್ದನೋ ಅಷ್ಟೇ ತಡೆದು ಕೊಡುತ್ತಿದ್ದ. ತುಟಿಯೂ ಅಲ್ಲಾಡುತ್ತಿತ್ತು, ಒಂದ, ಎರಡ, ಮೂರ. ನಾನು ಮೈದಾನದ ಅಂಪೈರ್‌ಗಳನ್ನು ನೋಡುವುದು, ಇವನ ಕೈ ನೋಡುವುದು, ಹೀಗೇ ಆಟ ನಡೆಯಿತು. ಎಲ್ಲ ಸರಿಯಿತ್ತು, ಅಲ್ಲೂ ಇಲ್ಲೂ.

ಕೊನೆಯ ವಿಕೆಟ್, ಹೊಡೆಯಬಲ್ಲವನು ಚೇತನ್ ಒಬ್ಬನೇ ಉಳಿದಿದ್ದ, ಗೆಲ್ಲಲು ಒಂದೆರಡು ಹೊಡೆತ ಸಾಕಿತ್ತು. ನಮ್ಮ ತುದಿಯಿಂದ ಬೌಲಿಂಗ್. ಚೆಂಡು ಲೆಗ್ ಸ್ಟಂಪಿನ ಹೊರಗೆ ಬಿದ್ದು ಒಳಗೆ ತಿರುಗಿ ಚೇತನ್‌ನ ಪ್ಯಾಡಿಗೆ ಬಡಿಯಿತು. ಲೆಗ್ ಸ್ಟಂಪಿನ ಹೊರಗೆ ಬಿದ್ದ ಚೆಂಡಿಗೆ ಎಲ್‌ಬಿ ಇಲ್ಲ, ಅದು ನಿಯಮ. ಸ್ಟಾಫರ್ಡ್‌ನವರೆಲ್ಲ ಕೂಗಿದರು. ಆ ತುದಿಯಲ್ಲಿ ನಿಂತಿದ್ದವನು ಇಂಗ್ಲಿಷಿನಲ್ಲಿ ಎಣಿಸುವ ಹುಡುಗ, ಯಾರ ಕಡೆಯವನೂ ಅಲ್ಲ. ಅವನ ಬೆರಳು ಮೇಲೆದ್ದಿತು.

ನಾನು ಪಕ್ಕಕ್ಕೆ ನೋಡಿದೆ. ತೊಡೆಯ ಮೇಲೆ ಮುಷ್ಟಿ ಹಾಗೇ ಇತ್ತು.

ಪಂದ್ಯ ಮುಗಿಯಿತು. ಎದುರು, ಸ್ಟಾಫರ್ಡ್‌ನವರ ಟೆಂಟಿನಲ್ಲಿ ಡೋಲು ಶುರುವಾಯಿತು. ಚೇತನ್ ಪಿಚ್ಚನ್ನೊಮ್ಮೆ ನೋಡಿ, ಅಂಪೈರ್‌ನ ಕೈಕುಲುಕಿ ನಡೆದ.

"ನಾ ನಿಂತಿದ್ರ ನಾಟ್ ಔಟ್ರಿ," ಅಂದ ಬಸವರಾಜ.

"ನೀವು ನಿಂತು ನಾಟ್ ಔಟ್ ಕೊಟ್ಟಿದ್ದರೆ ಇಲ್ಲಿ ಒಬ್ಬರೂ ನಂಬ್ತಿರಲಿಲ್ಲ."

"ನೀವು?"

"ನಾನು ನಂಬ್ತಿದ್ದೆ."

"ಅಷ್ಟ ಸಾಕಿತ್ತಲ್ರಿ," ಅಂದ.

ನಾನು ಎದ್ದು ಅಂಪೈರ್‌ಗಳ ಹತ್ತಿರ ಹೋಗಬೇಕಿತ್ತು. ಪಂದ್ಯ ಮುಗಿದ ಕೂಡಲೇ ಅವರ ಜೊತೆ ಕೂತು ಮಾತಾಡುವುದು ನನ್ನ ಪದ್ಧತಿ, ತಪ್ಪಿಸಿದವನಲ್ಲ. ಹೋದೆ. ಆ ಹುಡುಗ ನಾನು ಬಾಯಿ ತೆಗೆಯುವ ಮುಂಚೆಯೇ "ಲೆಗ್ ಸ್ಟಂಪ್ ಹೊರಗಿತ್ತಾ ಅಂಕಲ್?" ಅಂತ ಇಂಗ್ಲಿಷಿನಲ್ಲಿ ಕೇಳಿದ. ಹೌದು ಅಂದೆ. ಬೈಯಲಿಲ್ಲ. ಕೂಗಿದವರ ಮುಂದೆ ಒಂದು ಉಸಿರು ತಡೆದು ನಿಲ್ಲುವುದನ್ನು ಕಲಿ ಅಂತ ಹೇಳಿದೆ, ವಿಮಾನದ ಕಥೆ ಹೇಳಿದೆ. ವಾಪಸು ಬಂದಾಗ ಸೈಟ್‌ಸ್ಕ್ರೀನ್ ಪಕ್ಕ ಎರಡು ಕುರ್ಚಿ ಇದ್ದವು, ಬಸವರಾಜ ಇರಲಿಲ್ಲ. ಎರಡನ್ನೂ ಮಡಿಸಿ ಕಾರಿಗೆ ಹಾಕಿಕೊಂಡೆ. ಆ ಸಂಜೆ ಫೋನ್ ಮಾಡಿದೆ, ಕುರ್ಚಿ ಮರೆತು ಹೋಗಿದ್ದೀರಿ ಅಂತ.

"ಮರ್ತಿಲ್ರಿ. ಇರ್ಲಿ ಬಿಡ್ರಿ ಅಲ್ಲೇ. ಬಂದಾಗ ಕೂಡಾಕ ಬೇಕಾಗ್ತದ."

ಅವನು ಊರು ಬಿಟ್ಟ. ಈಗ ಭಾನುವಾರ ಸಂಜೆ ಅವನಿಗೆ ಡ್ರೈವ್ ಮಾಡುವ ಕೆಲಸವಿಲ್ಲ, ಆದ್ದರಿಂದ ಫೋನೂ ಇಲ್ಲ. ಯುಗಾದಿಗೆ ಒಂದು ಸಲ ಮಾತಾಡುತ್ತೇವೆ. ಬರುತ್ತೇನೆ ಅನ್ನುತ್ತಾನೆ.

ಅದಾದ ಮೇಲೆ ಎರಡು ಸೀಸನ್ ಕೆಲಸ ಮಾಡಿ ಬಿಟ್ಟೆ. ಹೊಸ ಹುಡುಗರು ಮೈದಾನದ ಎರಡೂ ತುದಿಗೆ ಕ್ಯಾಮೆರಾ ಹಾಕಿದರು. ಪ್ರತಿ ತೀರ್ಪೂ ವೀಡಿಯೋದಲ್ಲಿ ಬರುತ್ತದೆ, ಯಾರು ಚೆನ್ನಾಗಿ ಕೊಟ್ಟಿದ್ದಾರೋ ಅವರೇ ಫೈನಲ್‌ಗೆ. ಭಾಷೆಯ ನಿಯಮ ತೆಗೆದುಹಾಕಿದರು. ತೆಗೆದ ವರ್ಷವೇ ಸ್ಟಾಫರ್ಡ್‌ನವರು ಫೈನಲ್‌ಗೆ ಬಂದರು, ಅಂಪೈರ್ ಆಗಿ ನಿಂತವರು ರಾಯರು. ಅವರು ಸ್ಟಾಫರ್ಡ್‌ನ ಇಬ್ಬರಿಗೆ ಔಟ್ ಕೊಟ್ಟರು, ಒಬ್ಬನಿಗೆ ಕೊಡಲಿಲ್ಲ. ಯಾರೂ ಹುಲ್ಲಿನ ಮೇಲೆ ಕೂರಲಿಲ್ಲ. ನಾನು ನನ್ನ ಜಾಗದಲ್ಲೇ ಕುರ್ಚಿ ಹಾಕಿಕೊಂಡು ನೋಡಿದೆ.

ಪಂದ್ಯ ಮುಗಿದ ಮೇಲೆ ರಾಯರು ಬಂದು ಕೈಹಿಡಿದು ಎಬ್ಬಿಸಿದರು. "ನಾಗಣ್ಣ, ಈಗ ನಿಮಗೆ ಯಾವ ಮಡಿಯೂ ಇಲ್ಲ. ಬನ್ನಿ, ಟೆಂಟಲ್ಲಿ ಊಟ ಇದೆ."

ಹೋದೆ. ಹುಡುಗರು ಎದ್ದು ಜಾಗ ಬಿಟ್ಟರು, ತಟ್ಟೆ ಕೊಟ್ಟರು. ನಾನು ಕೂತ ಕೂಡಲೇ ಮಾತು ನಿಂತಿತು. ಒಬ್ಬ ಸ್ಪೀಕರ್ ಸಣ್ಣ ಮಾಡಿದ, ಇನ್ನೊಬ್ಬ ನೆಟ್ಟಗೆ ಕೂತ. ಬಿರಿಯಾನಿ ಚೆನ್ನಾಗಿತ್ತು. ಮಿರ್ಜಾ ಸಾಹೇಬರು ಅಷ್ಟು ವರ್ಷ ಯಾಕೆ ಓಡಾಡುತ್ತಿದ್ದರು ಅಂತ ಗೊತ್ತಾಯಿತು. ತಿಂದು ಎದ್ದು, ಕೈತೊಳೆದು, ಕಾರಿನ ಹತ್ತಿರ ಬರುವಷ್ಟರಲ್ಲಿ ಹಿಂದೆ ಮತ್ತೆ ನಗು ಶುರುವಾಗಿತ್ತು.

ಈ ಕೆಲಸಕ್ಕೆ ಬಂದಿರುವ ಹುಡುಗರೇ, ನಿಯಮ ತೆಗೆದದ್ದು ತಪ್ಪು ಅಂತ ನಾನು ಹೇಳುವುದಿಲ್ಲ. ಇಟ್ಟದ್ದು ತಪ್ಪು ಅಂತಲೂ ಹೇಳುವುದಿಲ್ಲ. ನನ್ನ ಕಾಲಕ್ಕೆ ಕ್ಯಾಮೆರಾ ಇರಲಿಲ್ಲ, ನಾನಿದ್ದೆ. ಜನ ನಂಬಬೇಕಾದರೆ ಒಬ್ಬ ಎದುರು ಬದಿಗೆ ಕೂರಬೇಕಿತ್ತು, ಕೂತೆ. ನೀವು ಕ್ಯಾಮೆರಾ ನಂಬಿ ಕೂತಿದ್ದೀರಿ, ಒಳ್ಳೆಯದು. ಆದರೆ ಇಬ್ಬರು ಸಮಾನರಿದ್ದಾಗ ಯಾರನ್ನು ಬಿಡಬೇಕು ಅಂತ ಅದು ಹೇಳುವುದಿಲ್ಲ. ಆ ದಿನ ನೀವೂ ಒಬ್ಬರಿಗೆ ಫೋನ್ ಮಾಡಬೇಕಾಗುತ್ತದೆ. ಬೇರೆಯವರ ಕೈಲಿ ಹೇಳಿಸಬೇಡಿ. ನೀವೇ ಮಾಡಿ.

ಈಗ ನನ್ನ ಬಳಿ ಇರುವುದು ಇಷ್ಟು. ಅಂಪೈರ್ ಪರೀಕ್ಷೆ ಪಾಸಾದ ಕಾಗದ ಒಂದು. ಬಿಳಿ ಹ್ಯಾಟು ಎರಡು, ಅದರಲ್ಲಿ ಒಂದರ ಅಂಚು ಹರಿದಿದೆ. ಚೆಂಡು ಎಣಿಸುವ ಕೌಂಟರ್ ಒಂದು. ಮಂಡಿ ಎರಡು, ಬಗ್ಗುವುದು ಒಂದು. ಲಲಿತ ಇದ್ದಾಳೆ, ಕರೆದ ಮನೆಗೆ ಈಗ ಅವಳ ಜೊತೆ ಒಳಗೆ ಹೋಗಿ ಕೂರುತ್ತೇನೆ. ಕಾರಿನ ಡಿಕ್ಕಿಯಲ್ಲಿ ಮಡಿಸುವ ಕುರ್ಚಿ ಎರಡು.